ಇಲ್ಲದ ರಾಟೆಯ ಸದ್ದು

ಹಲಸೂರಿನ ನಮ್ಮ ವಠಾರದ ಹಿತ್ತಲಿನಲ್ಲಿ ಒಂದು ಬಾವಿ ಇತ್ತು. ಅದರ ರಾಟೆ ಎಷ್ಟು ಎಣ್ಣೆ ಹಾಕಿದರೂ ಕಿರುಗುಟ್ಟುವುದನ್ನು ಬಿಡುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಬಾವಿಗೆ ಚರಂಡಿ ನೀರು ಇಳಿಯುತ್ತಿದೆ ಎಂದು ಗೊತ್ತಾಯಿತು. ವಠಾರದ ಮಾಲೀಕರು ಕಲ್ಲು ಚಪ್ಪಡಿ ತರಿಸಿ ಬಾವಿಯ ಬಾಯಿ ಮುಚ್ಚಿಸಿದರು. ರಾಟೆಯನ್ನು ಶಿವಾಜಿನಗರದ ಗುಜರಿಯವನೊಬ್ಬ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ. ಅವನು ಗಲ್ಲಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಆ ವರ್ಷದ ಚಳಿಗಾಲದಲ್ಲಿ ನನ್ನ ಅಕ್ಕನಿಗೆ ಆ ರಾಟೆ ತಿರುಗುವ ಸದ್ದು ಕೇಳಿಸತೊಡಗಿತು.

ಆ ಮನೆಯಲ್ಲಿ ಆಗ ಇದ್ದವರು ನಾನು, ಅಕ್ಕ, ಅಕ್ಕನ ಮಗ ಮತ್ತು ಸೊಸೆ. ನಾನು ಮದುವೆಯಾದವಳಲ್ಲ. ದಂಡು ಪ್ರದೇಶದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಳಾಗಿದ್ದೆ. ಓದಿದ್ದು ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ಮಾತು ನಿಲ್ಲಿಸುವುದಕ್ಕೂ ಒಂದು ಗಂಟೆ. ಹಲಸೂರಿಗೆ ಬಂದ ಮೇಲೆ ಹತ್ತಿರದ ಸೈನ್ಯದವರ ಕಹಳೆ ಆ ಗಂಟೆಯ ಕೆಲಸವನ್ನು ವಹಿಸಿಕೊಂಡಿತು. ಬೆಳಗಿನ ಕಹಳೆಗೆ ನನ್ನ ಹಾಸಿಗೆ ಮಡಿಸಿ ಆಗಿರುತ್ತಿತ್ತು. "ನಮ್ಮನೇಲಿ ಸುಬೇದಾರರು ಒಬ್ರಿದ್ದಾರೆ" ಎಂದು ಅಕ್ಕ ವಠಾರದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಕ್ಕನಿಗೂ ಒಂದು ಶಿಸ್ತಿತ್ತು. ಅದು ಮಡಿಯ ಶಿಸ್ತು. ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ, ಯಾರನ್ನೂ ಮುಟ್ಟದೆ ಬಾವಿಯಿಂದ ಸೇದಿದ ನೀರನ್ನು ಮಾತ್ರ ಅವಳು ಕುಡಿಯುತ್ತಿದ್ದದ್ದು. ಭಾವ ಬದುಕಿದ್ದಾಗ ಆ ನೀರನ್ನು ಅವರೇ ಸೇದುತ್ತಿದ್ದರು. ಟಿನ್ ಫ್ಯಾಕ್ಟರಿ ಸ್ಟಾಪಿನ ಕಡೆಯ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ. ಬಸ್ಸಿಗೆ ಓಡುವ ಮೊದಲು ಒದ್ದೆ ಪಂಚೆಯಲ್ಲಿ ನಿಂತು ಒಂದು ಕೊಡಪಾನ ನೀರು ಸೇದಿ ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದರು. ಗಂಡ ಹೆಂಡತಿ ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಆ ರಾಟೆಯ ಕಿರುಗುಟ್ಟುವಿಕೆಯೇ ಅವರ ಮಾತಾಗಿತ್ತೆಂದು ಕಾಣುತ್ತದೆ. ಭಾವ ತೀರಿಕೊಂಡ ಮೇಲೆ ಅಕ್ಕ ತಾನೇ ಸೇದುತ್ತಿದ್ದಳು. ಬಾವಿ ಮುಚ್ಚಿದ ಮೇಲೆ ಅವಳಿಗೆ ಉಳಿದದ್ದು ದೇವಸ್ಥಾನದ ಬಾವಿ.

ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ಅಕ್ಕ ಅದನ್ನು ಪಾತ್ರೆ ತೊಳೆಯಲು ಒಪ್ಪಿದ್ದಳು. ಅನ್ನ, ಸಾರಿಗೂ ಒಪ್ಪಿದ್ದಳು, ಬೆಂಕಿ ಕಂಡದ್ದಕ್ಕೆ ದೋಷವಿಲ್ಲವೆಂದು. ಕುಡಿಯಲು ಮಾತ್ರ ಒಲ್ಲೆ.

"ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತೆ ಕಣೇ."

"ಅಕ್ಕ, ಈಗೆಲ್ಲ ರಬ್ಬರಿಂದು."

"ನೀನು ಒಳಗೆ ಹೋಗಿ ನೋಡ್ಕೊಂಡು ಬಂದ್ಯಾ?"

"ಸರಿ, ಕಾಯಿಸಿ ಆರಿಸಿ ಕೊಡ್ತೀನಿ. ಸಾರಿಗೆ ನಡೆಯುತ್ತೆ ಅಂದ್ಮೇಲೆ ಇದಕ್ಯಾಕೆ ನಡೆಯಲ್ಲ?"

"ಸಾರಿಗೆ ಕಾಯಿಸೋದು ಬೇರೆ, ಕುಡಿಯೋಕೆ ಕಾಯಿಸೋದು ಬೇರೆ. ಡ್ರಿಲ್ ಮಾಡ್ಸೋರಿಗೆ ಇದೆಲ್ಲ ತಿಳಿಯಲ್ಲ, ಬಿಡು."

ದೇವಸ್ಥಾನದ ಬಾವಿಯಿಂದ ಅವಳು ತರುತ್ತಿದ್ದದ್ದು ಒಂದು ತಂಬಿಗೆ. ಅದಕ್ಕಿಂತ ಹೆಚ್ಚು ಹೊರಲು ಅವಳ ಮಣಿಕಟ್ಟು ಕೇಳುತ್ತಿರಲಿಲ್ಲ, ಮಡಿಯಲ್ಲಿಲ್ಲದವರು ಹೊತ್ತರೆ ಮಡಿ ಕೆಡುತ್ತಿತ್ತು, ನನ್ನ ಮಡಿಯನ್ನು ಅವಳು ನಂಬುತ್ತಿರಲಿಲ್ಲ. ಆ ಒಂದು ತಂಬಿಗೆಯಲ್ಲಿ ಅವಳ ದಿನ ಕಳೆಯಬೇಕು. ಬೇಸಿಗೆ, ಮಳೆಗಾಲ ಹಾಗೂ ಹೀಗೂ ಕಳೆದವು. ಚಳಿಗಾಲ ಬಂದಾಗ ತಂಬಿಗೆಯಲ್ಲೂ ನೀರು ಉಳಿಯತೊಡಗಿತು. "ಬಾಯಾರಿಕೆನೇ ಇಲ್ಲ" ಎನ್ನುತ್ತಿದ್ದಳು. ಅದು ನಿಜವೂ ಇರಬೇಕು. ಅಲ್ಲದೆ ವಠಾರದ ಪಾಯಿಖಾನೆ ಹಿತ್ತಲಿನ ತುದಿಯಲ್ಲಿತ್ತು. ಆ ಚಳಿಯಲ್ಲಿ ಪಾಚಿಗಟ್ಟಿದ ಕಲ್ಲುಗಳ ಮೇಲೆ ನಡೆದು ಹೋಗಬೇಕಲ್ಲ ಎಂದು ಮಧ್ಯಾಹ್ನದ ಊಟವಾದ ಮೇಲೆ ಒಂದು ಗುಟುಕೂ ಕುಡಿಯುತ್ತಿರಲಿಲ್ಲ.

ಆ ಡಿಸೆಂಬರಿನ ಹೊತ್ತಿಗೆ ಸೊಸೆ ಹೆರಿಗೆಗೆಂದು ತವರಿಗೆ ಹೋಗಿದ್ದಳು. ನವೆಂಬರಿನಲ್ಲಿ ಗಂಡು ಮಗು ಹುಟ್ಟಿತ್ತು. ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಕರೆತರುವುದೆಂದು ಮಾತಾಗಿತ್ತು. ಅಕ್ಕ ಹಳೆಯ ಸೀರೆಗಳನ್ನು ಹರಿದು ಒಗೆದು ಮೆತ್ತನೆಯ ಬಟ್ಟೆಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಭಾವನ ಮುಖದ ಹಾಗೇ ಇದೆಯಂತೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅದು ಅವರೆಕಾಯಿಯ ಕಾಲ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರಬೇಕು. ಅಕ್ಕನಿಗೆ ಇದು ಕಣ್ಣು ಮುಚ್ಚಿ ಮಾಡುವ ಕೆಲಸ. ಭಾನುವಾರ ಬೆಳಗಿನ ಬಿಸಿಲಲ್ಲಿ ಕೂತು, ನನ್ನೊಡನೆ ವಠಾರದ ಸುದ್ದಿಯೆಲ್ಲ ಆಡುತ್ತ, ದೊಡ್ಡ ಪಾತ್ರೆಯ ತುಂಬ ಹಿತಕಿದಳು. ಒಂದು ಕಾಳೂ ಒಡೆದಿರಲಿಲ್ಲ. ಗುರುವಾರ ಅದೇ ಜಾಗದಲ್ಲಿ ಅದೇ ಕೆಲಸಕ್ಕೆ ಕೂತವಳು ಬೇಳೆಯನ್ನು ಕಸದ ಮೊರಕ್ಕೆ ಹಾಕಿ ಸಿಪ್ಪೆಯನ್ನು ಪಾತ್ರೆಯಲ್ಲಿ ತುಂಬಿಕೊಂಡಿದ್ದಳು. ನಾನು ಮೊರ ಎತ್ತಿ ತೋರಿಸಿದೆ.

"ಅಕ್ಕ, ಏನಿದು?"

ಅವಳು ಮೊರದ ಕಡೆ ನೋಡಲಿಲ್ಲ. ಹಿತ್ತಲ ಬಾಗಿಲ ಕಡೆ ಕಿವಿ ಕೊಟ್ಟಿದ್ದಳು.

"ರಾಟೆ ತಿರುಗ್ತಾ ಇದೆಯಲ್ಲೇ. ಈ ಹೊತ್ತಲ್ಲಿ ಯಾರು ಸೇದ್ತಿರೋದು?"

ಹಿತ್ತಲಿಗೆ ಹೋಗಿ ನೋಡಿದೆ. ಮಟಮಟ ಮಧ್ಯಾಹ್ನ. ಚಪ್ಪಡಿಯ ಮೇಲೆ ಯಾರದೋ ಹಪ್ಪಳ ಒಣಗುತ್ತಿತ್ತು. ರಾಟೆ ತೂಗುತ್ತಿದ್ದ ಕಬ್ಬಿಣದ ಅಡ್ಡಪಟ್ಟಿ ಬರಿದಾಗಿತ್ತು. ಯಾರೂ ಇಲ್ಲವೆಂದು ಬಂದು ಹೇಳಿದೆ. ಅವಳು ತಲೆ ಅಲ್ಲಾಡಿಸಿ, ಮಕ್ಕಳಿಗೆ ಗುಟ್ಟು ಹೇಳುವವರ ದನಿಯಲ್ಲಿ ಹೇಳಿದಳು:

"ನಿನಗೆ ಕಾಣಲ್ಲ. ಅವರೇ ಕಣೇ. ಪಂಚೆ ಒದ್ದೆಯಾಗಿದೆ. ಕೊಡಪಾನ ಚಾಚ್ತಾ ಇದಾರೆ. ಕುಡಿ ಅಂತಿದಾರೆ. ನಾನು ಕೈ ಚಾಚಿದ್ರೆ ನೀರು ಸಿಗ್ತಾ ಇಲ್ಲ."

ಭೂತ ಪ್ರೇತ ನಂಬುವವಳಲ್ಲ ನಾನು. ಆದರೂ ಅಂದು ಆ ಬಿಸಿಲಲ್ಲಿ ಅವಳು ಅಷ್ಟು ಖಚಿತವಾಗಿ ಕಿವಿಗೊಟ್ಟು ಕೂತಿದ್ದನ್ನು ನೋಡುತ್ತ ನನಗೂ ಒಂದು ಕ್ಷಣ ಕಬ್ಬಿಣ ಉಜ್ಜುವ ಸದ್ದು ಕೇಳಿಸಿದಂತಾಯಿತು.

ಎದುರು ಮನೆಯಲ್ಲಿ ತಮಿಳಿನ ಹೆಂಗಸೊಬ್ಬರಿದ್ದರು. ನಮ್ಮ ಕಷ್ಟಕ್ಕೆ ಮೊದಲು ಬರುವವರೂ ಅವರೇ, ಅದನ್ನು ಮೊದಲು ಸಾರುವವರೂ ಅವರೇ. ಹಪ್ಪಳ ತೆಗೆಯಲು ಬಂದವರು ಅಕ್ಕನ ಮಾತು ಕೇಳಿಸಿಕೊಂಡರು.

"ಟೀಚರಮ್ಮಾ, ಇದು ಗಾಳಿ. ಬಾವಿ ಬಾಯಿ ಮುಚ್ಚಬಾರದೂಂತ ನಾನು ಅವತ್ತೇ ಹೇಳ್ದೆ, ಯಾರ್ ಕೇಳ್ತೀರಿ? ಶಿವಾಜಿನಗರದಲ್ಲಿ ಒಬ್ರು ಸಾಬರಿದಾರೆ, ಒಂದು ತಾಯಿತ ಕಟ್ಟಿಸ್ಕೊಂಡು ಬಂದ್ಬಿಡಿ. ನಮ್ಮ ನಾದಿನಿಗೆ ಹಂಗೇ ವಾಸಿ ಆಯ್ತು."

"ನಿಮ್ಮ ನಾದಿನಿಗೆ ಏನಾಗಿತ್ತು?"

"ಅದು ಹಲ್ಲುನೋವು ಅನ್ಕೊಳ್ಳಿ. ಆದ್ರೂ ವಾಸಿ ಆಯ್ತಲ್ಲ!"

ಸಂಜೆ ಅಕ್ಕನ ಮಗ ಇಂದಿರಾನಗರದ ಆಫೀಸಿನಿಂದ ಬಂದ. ತಾಯಿಯನ್ನು ಕಂಡರೆ ಪ್ರಾಣ ಅವನಿಗೆ. ಒಂದು ಗಳಿಗೆ ಅವಳ ಪಕ್ಕ ಕೂತ. ಅವಳು ಅವನನ್ನು, ಭಾವನನ್ನು ಕರೆಯುತ್ತಿದ್ದ ಹಾಗೆ, "ಏನೂಂದ್ರೆ" ಎಂದು ಕರೆದಳು. ಅವನು ಎದ್ದು ಅಂಗಳಕ್ಕೆ ಹೋಗಿ ನಿಂತುಕೊಂಡ.

"ಅರಳುಮರಳು ಚಿಕ್ಕಮ್ಮ" ಎಂದ. "ವಯಸ್ಸಾಯ್ತು. ಇನ್ನೇನ್ ಮಾಡೋಕಾಗುತ್ತೆ?"

ಆ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ. ಮುದುಕರು ಹೆಸರು ಮರೆತರೂ ಅರಳುಮರಳು, ಸಿಟ್ಟು ಮಾಡಿಕೊಂಡರೂ ಅರಳುಮರಳು, ಬಿದ್ದರೂ ಅದೇ, ಬಟ್ಟೆ ಒದ್ದೆ ಮಾಡಿಕೊಂಡರೂ ಅದೇ. ಹಾಗೆಂದುಬಿಟ್ಟರೆ ಮುಂದೆ ಏನನ್ನೂ ಕೇಳಬೇಕಾಗಿಲ್ಲ. ನನಗೆ ಮಾತ್ರ ಆ ಸಿಪ್ಪೆಯ ಪಾತ್ರೆ ಕಣ್ಣಿಂದ ಹೋಗುತ್ತಿರಲಿಲ್ಲ. ಭಾನುವಾರ ಇದ್ದ ಬುದ್ಧಿ ಗುರುವಾರದೊಳಗೆ ಎಲ್ಲಿಗೆ ಹೋಯಿತು? ಮುಪ್ಪು ಇಷ್ಟು ಅವಸರದಲ್ಲಿ ಬರುತ್ತದೆಯೇ?

ಮರುದಿನ ಅವಳು ಹಿತ್ತಲಿಗೆ ಹೋಗಿ ಚಪ್ಪಡಿಯ ಮೇಲೆ ಬೋರಲಾಗಿ ಮಲಗಿ ಅದನ್ನು ಉಗುರಿನಿಂದ ಕೆರೆಯುತ್ತಿದ್ದಳು. ಎತ್ತಲು ಹೋದ ಮಗನನ್ನು ತಳ್ಳಿದಳು. ಅವನು ಮೆಡಿಕಲ್ ಸ್ಟೋರಿನಿಂದ ನಿದ್ದೆಯ ಮಾತ್ರೆ ತಂದು ಹಾಕಿದ. ಅವಳಿಗೆ ನಿದ್ದೆ ಬರಲಿಲ್ಲ, ತೂಕಡಿಕೆ ಬಂತು. ತೂಕಡಿಕೆಯಲ್ಲೇ ಮಾತು, ಗಾಳಿಯಲ್ಲಿ ಏನನ್ನೋ ಹಿಡಿಯುವ ಕೈ. ಶನಿವಾರ ಮಧ್ಯಾಹ್ನ ಅವನು ಬಡಗಿಯೊಬ್ಬನನ್ನು ಕರೆತಂದ. ಹಿಂದಿನ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಕೂತಿತು.

"ಇದ್ಯಾಕೋ?" ಎಂದೆ.

"ಚಿಕ್ಕಮ್ಮ, ಬೈಬೇಡಿ. ಫೆಬ್ರವರಿಗೆ ಮಗು ಮನೆಗೆ ಬರುತ್ತೆ. ನಾನು ಆಫೀಸಲ್ಲಿರ್ತೀನಿ, ನೀವೊಬ್ರು ಎಷ್ಟು ಅಂತ ಕಾಯ್ತೀರಿ? ಅಮ್ಮ ಮಗೂನ ಎತ್ಕೊಂಡು ಆ ಬಾವಿ ಹತ್ರ ಹೋದ್ರೆ?"

ಅವನ ಕಣ್ಣಲ್ಲಿ ನೀರಿತ್ತು. ಬಡಗಿ ತಲೆ ಎತ್ತದೆ ಮೊಳೆ ಹೊಡೆಯುತ್ತಿದ್ದ. ಒಳಗಿನಿಂದ ಅಕ್ಕ ಆ ಸದ್ದಿಗೆ "ಬಂದೆ, ಬಂದೆ" ಎಂದು ಓಗೊಡುತ್ತಿದ್ದಳು, ಯಾರೋ ಕದ ತಟ್ಟುತ್ತಿದ್ದಾರೆಂದು. ಅವಳ ಮಿಕ್ಕ ಆಯುಷ್ಯವೆಲ್ಲ ಆ ಕದದ ಒಳಗಡೆಗೋ ಹೊರಗಡೆಗೋ ಎಂಬುದು ಅಂದು ನನ್ನ ಮುಂದಿದ್ದ ಪ್ರಶ್ನೆ.

ಡಾಕ್ಟರಿಗೆ ತೋರಿಸಲೇಬೇಕೆಂದು ನಾನು ಆಟೋ ತರಿಸಿದೆ, ಅಕ್ಕನ ಮಗನೂ ಜೊತೆಗೆ ಹೊರಟ. ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದಾಗ ಅವಳಿಗೆ ಕಣ್ಣು ಕತ್ತಲೆ ಬಂದು ನನ್ನ ಮೇಲೆ ವಾಲಿದಳು. ಬಿಸಿಲಲ್ಲಿ ಪೆರೇಡು ಮಾಡಿಸುವಾಗ ಬೀಳುವ ಹುಡುಗಿಯರನ್ನು ಹಿಡಿದು ಅಭ್ಯಾಸವಿದ್ದ ಕೈ ನನ್ನದು. ಅದೇ ಅಭ್ಯಾಸದಲ್ಲಿ ಅವಳ ನಾಲಗೆ ನೋಡಿದೆ. ಒಣಗಿ ಸೀಳು ಬಿಟ್ಟಿತ್ತು. ಸೀರೆಯಿಂದ ಘಾಟು ವಾಸನೆ ಬರುತ್ತಿತ್ತು. ಇಂಥ ಅಚ್ಚುಕಟ್ಟಿನ ಹೆಂಗಸಿನ ಸೀರೆಯಿಂದ.

ಶಿವಾಜಿನಗರದ ಬಸ್ ನಿಲ್ದಾಣದಾಚೆ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ವಯಸ್ಸಾದ ಲೇಡಿ ಡಾಕ್ಟರೊಬ್ಬರು ಕೂರುತ್ತಿದ್ದರು. ಮನೆಯ ಮಾತು ಉರ್ದು, ಕನ್ನಡವೂ ಅದೇ ಲಯದಲ್ಲಿ ಬರುತ್ತಿತ್ತು. ಅವರು ಅಕ್ಕನ ಕೈ ಹಿಡಿದುಕೊಂಡು ನನ್ನನ್ನು ಕೇಳಿದ ಮೊದಲ ಪ್ರಶ್ನೆ:

"ಯಾವಾಗ್ನಿಂದ ಹಿಂಗೆ?"

"ವಯಸ್ಸಾಗಿದೆ ಡಾಕ್ಟ್ರೇ..." ಎಂದು ಅಕ್ಕನ ಮಗ ಶುರುಮಾಡಿದ.

"ವಯಸ್ಸು ನನಗೂ ಆಗಿದೆ ಬೇಟಾ. ನಾನು ಕೇಳಿದ್ದು ದಿನ."

ನಾನು ಹೇಳಿದೆ. ಭಾನುವಾರ ಅವರೆಕಾಳು ಸರಿಯಾಗಿ ಹಿತಕಿದಳು. ಮಂಗಳವಾರ ಊಟ ಸೇರಲಿಲ್ಲ. ಬುಧವಾರ ಮತ್ತೆ ಮತ್ತೆ ಪಾಯಿಖಾನೆಗೆ ಹೋಗಿಬಂದಳು, ಹೊಟ್ಟೆ ಹಿಡಿದುಕೊಂಡಿದ್ದಳು. ಗುರುವಾರ ಸಿಪ್ಪೆ. ದಿನಚರಿಯ ಪ್ರಕಾರ ಬದುಕುವವರನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಆದರೆ ಅಂದು ಅದೊಂದು ಉಪಯೋಗಕ್ಕೆ ಬಂತು. ಮನೆಯಲ್ಲಿ ಯಾವುದು ಎಂದು ತಪ್ಪಿತು ಎನ್ನುವುದು ನನಗೆ ಗೊತ್ತಿತ್ತು. ಡಾಕ್ಟರು ನಿದ್ದೆ ಮಾತ್ರೆಯ ಕಾಗದ ನೋಡಿ ಮುಖ ಸಿಂಡರಿಸಿದರು. ನೀರಿನ ಬಗ್ಗೆ ಕೇಳಿದರು. ತಂಬಿಗೆಯ ಕತೆ ಹೇಳಿದೆ.

"ಜ್ವರ ಇಲ್ವಲ್ಲ ಡಾಕ್ಟ್ರೇ" ಎಂದ ಮಗ.

"ಮುದುಕರಿಗೆ ಜ್ವರ ಬರಲೇಬೇಕು ಅಂತಿಲ್ಲ. ಒಳಗೆ ನಂಜಿದ್ರೂ ಮೈ ತಣ್ಣಗಿರ್ತದೆ. ಜ್ವರದ ಬದಲು ಬುದ್ಧಿ ಕೆಡ್ತದೆ. ನಿಧಾನಕ್ಕೆ, ವರ್ಷಗಟ್ಲೆ ಮರೀತಾ ಬಂದ್ರೆ ಅದು ಬೇರೆ. ನಾಕು ದಿನದಲ್ಲಿ ಮನುಷ್ಯ ಬದಲಾದ್ರೆ ಅದು ಕಾಯಿಲೆ. ಅದೂ ಅರ್ಜೆಂಟ್ ಕಾಯಿಲೆ. ಮೂತ್ರ ಪರೀಕ್ಷೆ ಮಾಡ್ಸಿ, ಇವತ್ತೇ ಅಡ್ಮಿಟ್ ಮಾಡಿ."

ಪರೀಕ್ಷೆಯಲ್ಲಿ ಮೂತ್ರದ ಸೋಂಕು ಎಂದು ಬಂತು. ಮೈಯಲ್ಲಿ ನೀರೂ ಉಪ್ಪೂ ಇಳಿದಿದ್ದವು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಅಕ್ಕನ ಕೈಗೆ ಡ್ರಿಪ್ ಹಾಕಿದರು. ಆ ಬಾಟಲಿಯ ನೀರಿಗೆ ಮಡಿಯನ್ನು ಯಾರೂ ಕೇಳಲಿಲ್ಲ. ಡಾಕ್ಟರು ದಿನಾ ಬಂದು ನೋಡುತ್ತಿದ್ದರು. ಅವಳ ಕನ್ನಡಕ ತೆಗೆಯಬೇಡಿ, ಕಣ್ಣೆದುರು ಗಡಿಯಾರ ಇಡಿ, ಗೊತ್ತಿರುವ ಮುಖವೊಂದು ಸದಾ ಹತ್ತಿರವಿರಲಿ, ಅವಳಿಗೆ ಕಂಡದ್ದನ್ನು ಸುಳ್ಳೆಂದು ವಾದಿಸಬೇಡಿ, ಹೌದೆಂದು ತಾಳ ಹಾಕಲೂಬೇಡಿ, ಕೈ ಕಟ್ಟಬೇಡಿ. ಇಂಥ ಆಜ್ಞೆಗಳು ನನಗೆ ಹಿತ. ನಾನು ಕುರ್ಚಿ ಹಾಕಿಕೊಂಡು ಅಲ್ಲೇ ಠಿಕಾಣಿ ಹೂಡಿದೆ. ಬೆಳಿಗ್ಗೆ "ಇದು ಆಸ್ಪತ್ರೆ, ಇವತ್ತು ಸೋಮವಾರ, ನಾನು ನಿನ್ನ ತಂಗಿ" ಎಂದು ಹಾಜರಿ ಕೂಗುವಂತೆ ಹೇಳುತ್ತಿದ್ದೆ. ಮಧ್ಯಾಹ್ನಗಳು ಕಷ್ಟ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಕಣ್ಣು ಮೂಲೆಗೆ ಹೋಗಿ ನೆಲೆಸುತ್ತಿತ್ತು. ತುಟಿ ಮುಂದೆ ಬರುತ್ತಿತ್ತು, ಎತ್ತಿ ಹಿಡಿದ ತಂಬಿಗೆಗೆ ಬಾಯೊಡ್ಡಿದವರ ಹಾಗೆ. ದಿನದಿಂದ ದಿನಕ್ಕೆ ಆ ಹೊತ್ತು ಕುಗ್ಗುತ್ತ ಬಂತು. ಒಂದು ಬೆಳಿಗ್ಗೆ ನಾನು ಹಾಜರಿ ಕೂಗುವಾಗ ಅಕ್ಕ ಹೇಳಿದಳು:

"ಗೊತ್ತು ಕಣೇ. ಗುರುವಾರ. ನಾನೇನು ನಿನ್ನ ಸ್ಕೂಲು ಹುಡುಗೀನಾ?"

ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮನೆಗೆ ಕರೆತಂದಾಗ ಎದುರು ಮನೆಯವರು ಆರತಿ ಎತ್ತಿದರು. "ನಾನೂ ಶಿವಾಜಿನಗರಕ್ಕೇ ಹೋಗಿ ಅಂದಿದ್ದು! ನನ್ನ ಮಾತು ಕೇಳಿದ್ದಕ್ಕೇ ವಾಸಿ ಆಯ್ತು ನೋಡಿ ಟೀಚರಮ್ಮಾ" ಎಂದರು. ಎಲ್ಲರೂ ನಕ್ಕೆವು. ಅಕ್ಕ ನಗುತ್ತಲೇ ಹಿಂದಿನ ಕೋಣೆಗೆ ಹೋದವಳು ಬಾಗಿಲಲ್ಲಿ ನಿಂತಳು. ಹೊಸ ಚಿಲಕವನ್ನು ಬೆರಳಿನಿಂದ ಮುಟ್ಟಿದಳು. ಎತ್ತಿ, ಇಳಿಸಿ ನೋಡಿದಳು. ಹೊರಗಡೆಯಿಂದ ಹಾಕುವ ಚಿಲಕ ಯಾರಿಗೆಂದು ಕೇಳಲಿಲ್ಲ. ಮಗನ ಮುಖ ಕಪ್ಪಿಟ್ಟಿತು. "ಇರ್ಲಿ ಅಮ್ಮ, ಸುಮ್ನೆ... ಬೆಕ್ಕು ನುಗ್ಗುತ್ತೆ ಅಂತ" ಎಂದ. ಅದನ್ನು ತೆಗೆಯುವೆನೆಂದು ಮಾತ್ರ ಹೇಳಲಿಲ್ಲ. ಅವನ ಹೆದರಿಕೆ ಇನ್ನೂ ಹೋಗಿರಲಿಲ್ಲ.

ಡಾಕ್ಟರು ಕಳಿಸುವಾಗ ನನಗೆ ಹೇಳಿದ್ದು ಇಷ್ಟು: "ವಯಸ್ಸಾದ್ಮೇಲೆ ಬಾಯಾರಿಕೆ ಗಂಟೆ ಹೊಡೆಯೋದು ನಿಲ್ಲಿಸ್ಬಿಡ್ತದೆ ಟೀಚರ್. ಅದಕ್ಕೆ ಕಾಯಬೇಡಿ. ನೀವೇ ಗಂಟೆ ಹೊಡೀರಿ." ನಾನು ಹೊಡೆದೆ. ಪಾಚಿಗಟ್ಟಿದ ದಾರಿಗೆ ಒರಟು ಸಿಮೆಂಟು ಹಾಕಿಸಿದೆ, ಗೋಡೆಗುಂಟ ಹಿಡಿದುಕೊಳ್ಳಲು ಕಂಬಿ ಇಡಿಸಿದೆ. ದೇವಸ್ಥಾನದ ಅರ್ಚಕರ ಹೆಂಡತಿಯ ಕಾಲು ಹಿಡಿದು ಮಡಿಯಲ್ಲಿ ಎರಡು ತಂಬಿಗೆ ಹೆಚ್ಚು ನೀರು ಬರುವಂತೆ ಮಾಡಿದೆ. ಅಕ್ಕ ಮರುಮಾತಾಡದೆ ತಂಬಿಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬಿಸಿಲಲ್ಲಿ ಕೂತು ಕುಡಿದು, ಖಾಲಿ ತಂಬಿಗೆ ತಂದಿಡುತ್ತಿದ್ದಳು. ಎಲ್ಲ ಕ್ರಮಬದ್ಧವಾಗಿತ್ತು.

ಅವಳು ಮಾತ್ರ ಮಂಕಾಗಿದ್ದಳು. ಒಂದು ದಿನ ಹೂ ಕಟ್ಟುತ್ತ ಹೇಳಿದಳು:

"ನೀನು ಒಳ್ಳೇದೇ ಮಾಡ್ದೆ. ಆದ್ರೆ ಅವರನ್ನ ಕಳಿಸ್ಬಿಟ್ಟೆ."

"ಯಾರನ್ನ?"

"ಅಷ್ಟು ವರ್ಷ ಆದ್ಮೇಲೆ ಬಂದಿದ್ರು ಕಣೇ. ಮುಖ ಅಷ್ಟು ಚೆನ್ನಾಗಿ ಫೋಟೋದಲ್ಲೂ ಕಾಣಲ್ಲ. ಎರಡನೇ ಸಲ ಹೋದ ಹಾಗಾಯ್ತು ನನಗೆ."

ಕಾಯಿಲೆ ಎಂದು ಹೇಳಬಹುದಿತ್ತು. ಅದು ಅವಳಿಗೂ ಗೊತ್ತಿತ್ತು.

ಹತ್ತು ಹದಿನೈದು ದಿನ ಕಳೆದಿರಬೇಕು. ಹಿತ್ತಲಿನ ತುಳಸಿ ಹಳದಿಯಾಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಚಳಿಗೆ ಇರಬಹುದೆಂದುಕೊಂಡೆ. ಎಲೆ ಉದುರತೊಡಗಿತು. ಬೆರಳು ಹಾಕಿ ಮಣ್ಣು ನೋಡಿದೆ. ಕಟ್ಟೆಯೊಳಗೆ ನೀರು ನಿಂತು ಕೆಸರಾಗಿತ್ತು, ಬೇರು ಕೊಳೆಯುವ ವಾಸನೆ. ದಿನಕ್ಕೊಂದು ಉದ್ಧರಣೆ, ಅಂದರೆ ಪೂಜೆಯ ಚಮಚದಷ್ಟು, ನೀರು ಸಾಕಾಗುವ ಗಿಡ. ಅದರ ಬುಡದಲ್ಲಿ ತಂಬಿಗೆಗಟ್ಟಲೆ ನೀರು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಒಳಗೆ ಹೋಗಿ ಅಕ್ಕನ ನಾಲಗೆ ನೋಡಬೇಕಾದ ಅಗತ್ಯವೇ ಇರಲಿಲ್ಲ.

ಅವಳು ಚಪ್ಪಡಿಯ ಅಂಚಿನಲ್ಲಿ ಕೂತಿದ್ದಳು. ನನ್ನ ಕೈಯಲ್ಲಿದ್ದ ಕೆಸರು ನೋಡಿ ಮುಖ ತಿರುಗಿಸಿದಳು.

"ಎಷ್ಟು ದಿನದಿಂದ?" ಎಂದೆ.

ಅವಳು ಸೆರಗಿನ ತುದಿಯಿಂದ ಚಪ್ಪಡಿಯ ಧೂಳು ಒರೆಸತೊಡಗಿದಳು.

"ಅಕ್ಕ, ನೀನು ಮತ್ತೆ ಹಾಗಾದ್ರೆ ನಿನ್ನ ಮಗ ಆ ಚಿಲಕ ಹಾಕ್ತಾನೆ. ಮಗೂನ ನಿನ್ನ ಕೈಗೆ ಕೊಡಲ್ಲ."

"ಹಾಕ್ಲಿ ಬಿಡು. ಒಳಗಿದ್ರೂ ರಾಟೆ ಕೇಳುತ್ತೆ." ಸ್ವಲ್ಪ ತಡೆದು ಹೇಳಿದಳು, "ನಿನ್ನೆ ಸ್ವಲ್ಪ ಕೇಳಿಸ್ತು."

ಅವಳು ಅವರನ್ನು ಕರೆಯುತ್ತಿದ್ದಳು. ಒಣಗಿ ಒಣಗಿ, ಆ ದಾರಿಯನ್ನು ತಿಳಿದೇ ಹಿಡಿದಿದ್ದಳು. ಗದರಿಸಲು ಬಾಯಿ ತೆರೆದೆ. ಡ್ರಿಲ್ ಟೀಚರಿನ ಬಾಯಿ ಅದಕ್ಕೇ ತಯಾರಾಗಿರುತ್ತದೆ. ಆದರೆ ಗದರಿಕೆಯ ಬದಲು ಬೇರೇನೋ ನೆನಪಾಯಿತು.

"ಅವತ್ತು ಭಾವ ಬಂದಾಗ ಏನಂದ್ರು?"

"ಏನೂ ಅನ್ನಲಿಲ್ಲ."

"ಅಂದ್ರು. ನೀನೇ ನನಗೆ ಹೇಳ್ದೆ. ನೆನಪು ಮಾಡ್ಕೊ."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿ ಬಿಂದಿಗೆ ಇಟ್ಟರು. ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

"ಕುಡಿ ಅಂದ್ರು."

"ಅಷ್ಟೇ ತಾನೆ? ಬಾ ಅನ್ನಲಿಲ್ಲ. ಒಣಗು ಅನ್ನಲಿಲ್ಲ. ಬದುಕಿದ್ದಾಗ ಬಸ್ಸು ತಪ್ಪಿದ್ರೂ ನಿನ್ನ ನೀರು ಸೇದದೆ ಹೋಗಲಿಲ್ಲ ಅವರು. ಸತ್ತ ಮೇಲೂ ಅದೇ ಹೇಳೋಕೆ ಬಂದ್ರು. ನೀನು ಅದನ್ನ ತಗೊಂಡು ಹೋಗಿ ಗಿಡಕ್ಕೆ ಸುರೀತೀಯ."

ಅಕ್ಕ ಅತ್ತಳು. ಕಣ್ಣಲ್ಲಿ ನೀರು ಬಾರದ ಅಳು ಅದು. ಅಷ್ಟು ಒಣಗಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ದೇವರ ಕೋಣೆಗೆ ಹೋದಳು. ನಾನು ಹಿಂದೆ ಹೋದೆ. ದೇವರ ಪೆಟ್ಟಿಗೆಯ ಹಿಂದಿನಿಂದ ಒಂದು ಪುಟ್ಟ ತಾಮ್ರದ ಗಿಂಡಿ ತೆಗೆದಳು. ಭಾವನ ಜೊತೆ ಕಾಶಿಗೆ ಹೋದಾಗ ತಂದದ್ದು. ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ ಗಂಗೆ. ನಮ್ಮಲ್ಲಿ ಅದನ್ನು ಒಡೆಯುವುದು ಒಂದೇ ಸಲ, ಪ್ರಾಣ ಹೋಗುವವರ ಬಾಯಿಗೆ ಬಿಡಲು. ನಾನು ಅವಳ ಕೈ ಹಿಡಿದೆ.

"ಏನ್ ಮಾಡ್ತೀಯ ಅಕ್ಕ?"

"ಒಡೆದು ಕೊಡು. ಒಂದು ತೊಟ್ಟು ಹಾಕಿದ್ರೆ ನಲ್ಲಿ ನೀರೂ ಗಂಗೆನೇ. ಆಗ ಆ ನಿನ್ನ ರಬ್ಬರೋ ಚರ್ಮವೋ, ಎರಡೂ ಲೆಕ್ಕಕ್ಕಿಲ್ಲ. ದೇವಸ್ಥಾನಕ್ಕೆ ಓಡಿ ಓಡಿ ಅವರ ಕಾಲು ಹಿಡಿಯೋದೂ ತಪ್ಪುತ್ತೆ ನಿನಗೆ."

"ಇದು ನಿನ್ನ ಕೊನೇಗಾಲಕ್ಕೆ ಇಟ್ಟಿದ್ದು."

"ಕೊನೇಗಾಲದಲ್ಲಿ ನುಂಗೋಕಾಗುತ್ತೋ ಇಲ್ವೋ. ಈಗ ಕುಡೀತೀನಿ, ಒಡಿ."

ಕೊಡತಿ ಮೊಳೆ ತಂದು ಬೆಸುಗೆಯನ್ನು ಬಿಡಿಸಿದೆ. ನಲ್ಲಿಯ ನೀರು ಕಾಯಿಸಿ ಆರಿಸಿ ಕೊಡಪಾನಕ್ಕೆ ತುಂಬಿ ಒಂದು ಹನಿ ಬಿಟ್ಟೆ. ಅವಳು ತಂಬಿಗೆ ಎತ್ತಿ ಹಿಡಿದು, ಗಂಟಲು ಗಳಗಳ ಅನ್ನುವಂತೆ ಕುಡಿದಳು. ಕುಡಿಯುವಾಗ ಅವಳ ಕಣ್ಣು ಹಿತ್ತಲ ಬಾಗಿಲ ಮೇಲಿತ್ತು. ತಂಬಿಗೆ ಇಳಿಸಿ ಒಂದು ಕ್ಷಣ ಕಿವಿಗೊಟ್ಟಳು. "ಹೋದ್ರು" ಎಂದು ಮೆಲ್ಲಗೆ ಹೇಳಿ ಇನ್ನೊಂದು ತಂಬಿಗೆಗೆ ಕೈ ಚಾಚಿದಳು.

ಸಂಜೆಯೇ ಮೂತ್ರ ಪರೀಕ್ಷೆಗೆ ಕರೆದೊಯ್ದೆ. ಸೋಂಕು ಮರುಕಳಿಸಿರಲಿಲ್ಲ. ನಡೆದದ್ದನ್ನೆಲ್ಲ ಅಕ್ಕನ ಮಗನಿಗೆ ಬಿಚ್ಚಿ ಹೇಳಿದೆ. ಅವನು ಗಿಂಡಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ಮಗು ಬರುವ ಹಿಂದಿನ ದಿನ ಸ್ಕ್ರೂಡ್ರೈವರ್ ತಂದು ತಾನೇ ಚಿಲಕ ಬಿಚ್ಚಿದ. ತೂತುಗಳು ಉಳಿದವು. ಅಕ್ಕ ಆ ತೂತುಗಳಿಗೆ ಗೋಧಿ ಹಿಟ್ಟಿನ ಅಂಟು ತುಂಬಿ, ಮೇಲೆ ಅರಿಶಿನ ಹಚ್ಚಿದಳು. ಮೊಮ್ಮಗ ಆ ಬಾಗಿಲ ಬಳಿಯೇ ಅವಳ ಕಾಲ ಮೇಲೆ ಎಣ್ಣೆ ಸ್ನಾನ ಮಾಡಿಸಿಕೊಂಡು ಬೆಳೆದ. ಅಕ್ಕ ಇನ್ನೂ ಹಲವು ವರ್ಷ ಬಾಳಿದಳು. ಎದೆನೋವು ಬಂದು, ಪೂರ್ತಿ ಬುದ್ಧಿಯಲ್ಲಿ, ಎಲ್ಲರ ಹೆಸರು ಹಿಡಿದು ಮಾತಾಡಿಸಿ ಹೋದಳು. ಬಾಯಿಗೆ ಬಿಡಲು ಗಿಂಡಿಯಲ್ಲಿ ಗಂಗೆ ಉಳಿದಿರಲಿಲ್ಲ. ನಲ್ಲಿಯ ನೀರನ್ನೇ ಬಿಟ್ಟೆ.

ಎರಡು ಸಾವಿರದ ಇಸವಿಯ ನಂತರ ವಠಾರ ಒಡೆದರು. ನಾವು ಕೆ.ಆರ್. ಪುರದ ಕಡೆ ಮೂರನೇ ಮಹಡಿಯ ಮನೆಗೆ ಬಂದೆವು. ಇಲ್ಲಿ ಹಿತ್ತಲಿಲ್ಲ, ಕಹಳೆಯಿಲ್ಲ, ಬೆಳಗಾಗುವುದು ಲಾರಿಗಳ ಹಾರನ್ನಿನಿಂದ. ಅಕ್ಕನ ವಯಸ್ಸನ್ನು ನಾನೂ ದಾಟಿದ್ದೇನೆ. ನೀರಿನ ಗಂಟೆಯನ್ನು ನನಗೆ ನಾನೇ ಹೊಡೆದುಕೊಳ್ಳುತ್ತೇನೆ. ಹಾಗಿದ್ದೂ ಕಳೆದ ಬೇಸಿಗೆಯಲ್ಲಿ ಎರಡು ದಿನ ಹೊಟ್ಟೆ ಕೆಟ್ಟು, ಮೂರನೆಯ ದಿನ ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ. ಫ್ಯಾನು ನಿಂತಿತ್ತು. ಆ ನಿಶ್ಶಬ್ದದಲ್ಲಿ ಅಡುಗೆಮನೆಯ ಕಡೆಯಿಂದ ಸದ್ದು ಬಂತು. ಕಿರ್‍ರ್, ಕಿರ್‍ರ್. ಹಗ್ಗ ಎಳೆದಾಗೊಮ್ಮೆ, ಬಿಟ್ಟಾಗೊಮ್ಮೆ. ಗುರುತು ತಪ್ಪುವ ಸದ್ದಲ್ಲ ಅದು.

ಏನೆಂದು ನನಗೆ ಗೊತ್ತಿತ್ತು. ಏನು ಮಾಡಬೇಕೆಂದೂ ಗೊತ್ತಿತ್ತು. ತಲೆದಿಂಬಿನ ಪಕ್ಕದಲ್ಲೇ ನೀರಿನ ಚೊಂಬಿತ್ತು. ಆದರೂ ನನ್ನ ಕೈ ತಡೆಯಿತು. ಸೇದುತ್ತಿರುವುದು ಯಾರು? ಭಾವನ ಎಳೆತ ಉದ್ದ, ಇದು ಗಿಡ್ಡ. ಮಣಿಕಟ್ಟು ನೋಯುವವರ ಎಳೆತ. ಸ್ವಲ್ಪ ಕಾದರೆ ಹೊಸ್ತಿಲಲ್ಲಿ ಕಾಣಬಹುದಿತ್ತು. ಅಕ್ಕ ಆ ದಿನಗಳಲ್ಲಿ ಚಪ್ಪಡಿಯ ಮೇಲೆ ಯಾಕೆ ಹಾಗೆ ಕೂತಿರುತ್ತಿದ್ದಳೆಂದು ಅಂದು ನನ್ನ ಮೈಗೆ ತಿಳಿಯಿತು.

ಚೊಂಬು ಎತ್ತಿ ಕುಡಿದೆ. ನಿಲ್ಲಿಸದೆ ಕುಡಿದೆ. ಆಮೇಲೆ ಪಕ್ಕದ ಕೋಣೆಗೆ ಕೇಳುವಂತೆ ಕೂಗಿ ಹೇಳಿದೆ:

"ಲೋ, ನನಗೆ ರಾಟೆ ಕೇಳಿಸ್ತಿದೆ ಕಣೋ."

ಕುರ್ಚಿ ಸರಿದ ಸದ್ದು, ಗಾಡಿಯ ಬೀಗದಕೈ ಗಲಗಲ.

"ಬಂದೆ ಚಿಕ್ಕಮ್ಮ" ಎಂದ ಅಕ್ಕನ ಮಗ. "ಕುಡೀತಾ ಇರಿ. ಡಾಕ್ಟ್ರ ಹತ್ರ ಹೋಗೋಣ."